ವೇದಿಕೆ ನಿನ್ನದು, ಕೇಸು ವಕೀಲರದು

ಮಡಿಕೇರಿ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆಲಸ ಬಿಟ್ಟು ಪೂರ್ತಿಯಾಗಿ ಸ್ಟ್ಯಾಂಡ್‌ಅಪ್ ಕಾಮಿಡಿಗೆ ಇಳಿಯುತ್ತೇನೆ, ಅದರಲ್ಲೂ ರಾಜಕೀಯವನ್ನೇ ಹೇಳುತ್ತೇನೆ ಎಂದು ನೀನು ಬರೆದದ್ದನ್ನು ನಿನ್ನ ಅಪ್ಪ ನನಗೆ ತೋರಿಸಿದ. ಅವನಿಗೆ ಹೆದರಿಕೆಯಾಗಿದೆ. ದೊಡ್ಡಪ್ಪ ಒಂದು ಮಾತು ಹೇಳಿದರೆ ನೀನು ನಿಲ್ಲುತ್ತೀಯ ಎಂದು ನಂಬಿದ್ದಾನೆ. ನಾನು ನಿಲ್ಲಿಸುವುದಿಲ್ಲ. ಅಧಿಕಾರದಲ್ಲಿರುವವರ ಮುಖಕ್ಕೆ ನಗುವವರು ಒಂದು ಊರಿಗೆ ಬೇಕೇ ಬೇಕು. ಆದರೆ ಬದುಕಿನ ಬಹುಪಾಲನ್ನು ಕೋರ್ಟಿನಲ್ಲಿ ಕಳೆದವನಾಗಿ ನನ್ನನ್ನು ಕಾಡುತ್ತಿರುವ ಒಂದು ಸಂಗತಿಯನ್ನು ನಿನಗೆ ಹೇಳಲೇಬೇಕು.

ಅಮೆರಿಕದ ಕಾಮಿಡಿಯನ್ ಲೆನ್ನಿ ಬ್ರೂಸ್‌ನ ಹೆಸರು ಕೇಳಿರುತ್ತೀಯ. ಧರ್ಮ, ಲೈಂಗಿಕತೆ, ವರ್ಣಭೇದ ಎಲ್ಲವನ್ನೂ ನಿರ್ಭೀತಿಯಿಂದ ವೇದಿಕೆಗೆ ತಂದವನು. 1961ರಲ್ಲಿ ಅಶ್ಲೀಲ ಮಾತಿನ ಆರೋಪದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಂಧಿಸಿದರು. ಆ ಕೇಸನ್ನು ಗೆದ್ದ. 1964ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತಪ್ಪಿತಸ್ಥ ಎಂದಿತು. ಕ್ಲಬ್‌ಗಳು ಅವನನ್ನು ಕರೆಯಲು ಹೆದರಿದವು. 1966ರಲ್ಲಿ, ಕೇವಲ 40ನೇ ವಯಸ್ಸಿನಲ್ಲಿ, ಮಾದಕವಸ್ತುವಿಗೆ ಬಲಿಯಾದ. 2003ರಲ್ಲಿ ನ್ಯೂಯಾರ್ಕಿನ ಗವರ್ನರ್ ಕ್ಷಮಾದಾನ ಕೊಟ್ಟಾಗ ಅವನು ಸತ್ತು 37 ವರ್ಷಗಳಾಗಿದ್ದವು. ಅವನಿಗಾದ ಅನ್ಯಾಯ ದೊಡ್ಡದು. ಅದಕ್ಕಿಂತಲೂ ನನ್ನ ನಿದ್ದೆ ಕೆಡಿಸುವುದು ಅವನ ಕೊನೆಯ ವರ್ಷಗಳ ಪ್ರದರ್ಶನಗಳು. ವಕೀಲರನ್ನು ದೂರ ಮಾಡಿ ತಾನೇ ವಾದಕ್ಕೆ ನಿಂತ. ನಗಲು ಬಂದವರ ಮುಂದೆ ತನ್ನ ವಿಚಾರಣೆಯ ದಾಖಲೆಗಳನ್ನು ಓದಿದ. ಲೋಕವನ್ನೇ ನೋಡುತ್ತಿದ್ದ ಕಣ್ಣು ತನ್ನ ಕಡತದ ಮೇಲೆ ನೆಟ್ಟಿತು.

ಅಲ್ಲಿಯದೇ ಇನ್ನೊಬ್ಬ ಕಾಮಿಡಿಯನ್ ಮಾರ್ಟ್ ಸಾಲ್‌ನದು ಬೇರೆ ದಾರಿ, ಮುಟ್ಟಿದ ಜಾಗ ಹತ್ತಿರದ್ದೇ. 1950ರ ದಶಕದಲ್ಲಿ ದಿನಪತ್ರಿಕೆಯನ್ನು ಕೈಯಲ್ಲಿ ಹಿಡಿದು ವೇದಿಕೆ ಹತ್ತುತ್ತಿದ್ದವನು. ಕೆನಡಿಯ ಚುನಾವಣೆಗೆ ಜೋಕುಗಳನ್ನು ಬರೆದುಕೊಟ್ಟ. ಕೆನಡಿ ಗೆದ್ದ ಮೇಲೆ ಅವರನ್ನೂ ಬಿಡಲಿಲ್ಲ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ, ನೀನೂ ಹೀಗೇ ಇರಬೇಕು. ಆದರೆ ಕೆನಡಿ ಹತ್ಯೆಯಾದ ಮೇಲೆ, ಆ ಹತ್ಯೆಯ ತನಿಖೆ ಮಾಡಿದ ವಾರೆನ್ ಆಯೋಗದ ವರದಿಯನ್ನು ವೇದಿಕೆಯಲ್ಲಿ ಓದಿ ಟೀಕಿಸುವುದರಲ್ಲೇ ಮುಳುಗಿಹೋದ. ಜನ ದೂರವಾದರು.

ಹಾಗಾಗಿ ನನ್ನ ಮಾತು ಇಷ್ಟು. ನೀನು ನಿಜವಾಗಿ ಚುಚ್ಚುವಂತೆ ಮಾತಾಡಿದರೆ ಒಂದಲ್ಲ ಒಂದು ದಿನ ದೂರು ದಾಖಲಾಗುತ್ತದೆ. ಆಗ ಕೇಸನ್ನು ವಕೀಲರಾದ ನಮಗೆ ಬಿಡು. ಅದರ ಸಿಟ್ಟು ನಿನ್ನ ಮುಂದಿನ ಪ್ರದರ್ಶನಗಳನ್ನು ನುಂಗಬಾರದು. ಒಂದೆರಡು ಸಲ ಅದರ ಬಗ್ಗೆ ಹೇಳು, ಜನರಿಗೂ ಕುತೂಹಲವಿರುತ್ತದೆ. ಆಮೇಲೆ ಜನರ ಕಷ್ಟಕ್ಕೆ ಮರಳು.

ನಮ್ಮಲ್ಲಿ ಏನಾಗುತ್ತಿದೆ ಎಂಬುದು ನಿನಗೆ ಗೊತ್ತು. ಕಾಮಿಡಿಯನ್ ಮುನವ್ವರ್ ಫಾರೂಕಿಯನ್ನು 2021ರ ಜನವರಿ 1ರಂದು ಇಂದೋರ್‌ನಲ್ಲಿ ಬಂಧಿಸಿದರು. ಹೈಕೋರ್ಟ್ ಜಾಮೀನು ನಿರಾಕರಿಸಿತು. ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಅವನ ಬೆಂಗಳೂರಿನ ಪ್ರದರ್ಶನವೂ ರದ್ದಾಯಿತು. 2025ರ ಮಾರ್ಚ್‌ನಲ್ಲಿ ಇನ್ನೊಬ್ಬ ಕಾಮಿಡಿಯನ್ ಕುನಾಲ್ ಕಾಮ್ರಾ ವೇದಿಕೆಯಲ್ಲಿ ಹೇಳಿದ್ದಕ್ಕೆ ಸಿಟ್ಟಾದವರು ಮುಂಬೈನ ಖಾರ್‌ನಲ್ಲಿರುವ ಸಭಾಂಗಣವನ್ನು ಪುಡಿಗಟ್ಟಿದರು. ಮರುದಿನ ಪಾಲಿಕೆಯವರೂ ಸುತ್ತಿಗೆ ಹಿಡಿದು ಬಂದರು. ಮಾತಾಡಿದವನು ಒಬ್ಬ, ಪೆಟ್ಟು ಬಿದ್ದದ್ದು ಸ್ಥಳ ಕೊಟ್ಟವರಿಗೆ. ನಿನಗೆ ಜಾಗ ಕೊಡುವವರಿಗೆ ನೀನು ಏನು ಹೇಳಲಿದ್ದೀಯ ಎಂಬುದನ್ನು ಮೊದಲೇ ತಿಳಿಸು. ಒಪ್ಪದಿದ್ದರೆ ಅವರನ್ನು ಹೇಡಿಗಳು ಎನ್ನಬೇಡ. ಅವರಿಗೂ ಸಂಬಳ ಕೊಡಬೇಕಾದ ನೌಕರರಿದ್ದಾರೆ.

ಕಾನೂನನ್ನು ಸ್ವಲ್ಪ ತಿಳಿದುಕೊಂಡಿರು. ಭಾರತೀಯ ನ್ಯಾಯ ಸಂಹಿತೆಯ 196, 299 ಮತ್ತು 353ನೇ ಸೆಕ್ಷನ್‌ಗಳನ್ನು ಓದು. ಗುಂಪುಗಳ ನಡುವೆ ದ್ವೇಷ, ಧಾರ್ಮಿಕ ಭಾವನೆಗೆ ಧಕ್ಕೆ, ಸಾರ್ವಜನಿಕ ಶಾಂತಿ ಕೆಡಿಸುವ ಮಾತು: ಮಾತಿನ ಮೇಲಿನ ದೂರುಗಳು ಹೆಚ್ಚಾಗಿ ಇವುಗಳ ಸುತ್ತಲೇ ಬರುತ್ತವೆ. ಮಾನಹಾನಿ 356ರಲ್ಲಿದೆ. 2025ರ ಮಾರ್ಚ್ 28ರಂದು ಸಂಸದ, ಕವಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ತೀರ್ಪು ಕೊಟ್ಟಿದೆ. ಆಡಿದ ಮಾತಿನ ಪರಿಣಾಮವನ್ನು ದೃಢಮನಸ್ಸಿನವರ ಅಳತೆಗೋಲಿನಿಂದ ನೋಡಬೇಕೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವವರ ಕಣ್ಣಿನಿಂದಲ್ಲ ಎಂದಿದೆ. ಕಲೆ, ಮನರಂಜನೆಯ ಮಾತು ಬಂದಲ್ಲಿ ನಿನ್ನ ಸ್ಟ್ಯಾಂಡ್‌ಅಪ್ ಕಾಮಿಡಿಯನ್ನೂ ಹೆಸರಿಸಿದೆ. ಅದನ್ನು ಓದಿದಾಗ ನನಗೆ ನಿನ್ನದೇ ನೆನಪು. ಇನ್ನೊಂದು: ಅಪವಾದದ ಸಂದರ್ಭಗಳನ್ನು ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲೂ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿರಬೇಕು. ರಾತ್ರಿ ಬಾಗಿಲು ತಟ್ಟಿದರೆ ಇದನ್ನು ಶಾಂತವಾಗಿ ಹೇಳು, ಕೂಡಲೇ ನನಗೆ ಫೋನ್ ಮಾಡು. ಪ್ರತಿ ಪ್ರದರ್ಶನವನ್ನೂ ಆರಂಭದಿಂದ ಕೊನೆಯವರೆಗೆ ರೆಕಾರ್ಡ್ ಮಾಡಿ ಇಟ್ಟುಕೋ. ತುಂಡು ವಿಡಿಯೋ ಹಿಡಿದು ಬರುವವರಿಗೆ ಪೂರ್ತಿ ವಿಡಿಯೋಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹಣದ ವಿಷಯ ಚಿಕ್ಕದು, ಕಠಿಣವಾದದ್ದು. ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್‌ನಲ್ಲಿ ಸಂಪಾದನೆ ಇಲ್ಲ. ಚೆನ್ನಾಗಿ ಕೊಡುವ ಕಂಪನಿ ಕಾರ್ಯಕ್ರಮಗಳಿಗೆ ರಾಜಕೀಯ ಬೇಡ. ಒಂದು ವರ್ಷದ ಖರ್ಚು ಕೈಯಲ್ಲಿ ಸೇರುವವರೆಗೆ ಕೆಲಸ ಬಿಡಬೇಡ.

ಇನ್ನು ಏನು ಹೇಳುತ್ತೀಯ ಎಂಬುದು. ಬೆಂಗಳೂರಿನವರಿಗೆ ಕೊಡಗೆಂದರೆ ಹೋಂಸ್ಟೇ, ಹಂದಿ ಕರಿ, ರಮ್. ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ, ಅದಕ್ಕೆ ನೀನು ಬೇಕಾಗಿಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಸಾವಿರಾರು ಪ್ರದರ್ಶನ ಕಂಡದ್ದು ಯಾಕೆ? ಸಭೆಯಲ್ಲಿ ಕುಳಿತವರು ಅದೇ ವಾರ ಯಾವುದೋ ಕಚೇರಿಯಲ್ಲಿ ಲಂಚ ಕೊಟ್ಟು ಬಂದವರು. ಅವರ ಅವಮಾನವನ್ನು ಹಿರಣ್ಣಯ್ಯನವರು ಬಲ್ಲವರಾಗಿದ್ದರು. ನಿನಗೂ ಅಂಥ ವಸ್ತು ಇಲ್ಲೇ ಇದೆ. ಕುಟುಂಬಕ್ಕೆ ತಲೆಮಾರುಗಳಿಂದ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರು, ಸಾಲ ಕೇಳಲು ಹೋದ ಮೊಮ್ಮಗನಿಗೆ ಬ್ಯಾಂಕಿನಲ್ಲಿ ತಲೆನೋವು. ಸುಸಜ್ಜಿತ ತುರ್ತು ಚಿಕಿತ್ಸೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಓಡಬೇಕು. 2019ರಲ್ಲಿ ಆಸ್ಪತ್ರೆ ಬೇಕೆಂದು ಇಡೀ ಜಿಲ್ಲೆ ಕೂಗಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಏನು ಹೇಳಿದರು, ಏನು ಮಾಡಿದರು ಎಂಬುದು ಸರ್ಕಾರಿ ಕಾಗದದಲ್ಲೇ ಸಿಗುತ್ತದೆ. ಹೋಗಿ ಓದು. ಒಂದು ಅಂಕಿ ತಪ್ಪಾದರೂ ಅವರು ನಿನ್ನ ಜೋಕಿಗೆ ಉತ್ತರ ಕೊಡುವುದಿಲ್ಲ, ಆ ಅಂಕಿಯನ್ನು ಹಿಡಿದು ಎಳೆಯುತ್ತಾರೆ.

ದೇವರಪುರದ ಕುಂಡೆ ಹಬ್ಬವನ್ನು ನೀನು ಚಿಕ್ಕಂದಿನಲ್ಲಿ ನೋಡಿದ್ದೀಯ. ಮೇ ತಿಂಗಳಲ್ಲಿ ಜೇನು ಕುರುಬರು, ಬೆಟ್ಟ ಕುರುಬರು, ಯರವರು ವೇಷ ಹಾಕಿ, ಡ್ರಮ್ ಬಾರಿಸಿ, ದೇವರನ್ನೂ ತೋಟದ ಮಾಲೀಕರನ್ನೂ ಬಾಯಿ ತುಂಬ ಬೈಯುತ್ತಾರೆ. ಬೈಸಿಕೊಂಡವರು ನಗುತ್ತಾ ಹಣ ಕೊಡುತ್ತಾರೆ. ಹಬ್ಬ ಮುಗಿದ ಮೇಲೆ ತೋಟದ ಕೂಲಿಯವರ ಅದೇ ಲೈನ್ ಮನೆ, ಅದೇ ಕೂಲಿ. ಆ ಹಬ್ಬದ ಮೇಲೆ ನನಗೆ ಬಹಳ ಗೌರವವಿದೆ, ಅಷ್ಟೇ ಸಂಕಟವೂ ಇದೆ. ನಿನಗೂ ಮಂತ್ರಿಗಳು ಮುಂದಿನ ಸಾಲಿನಲ್ಲಿ ಕುಳಿತು ನಗುವ ಕಾಲ ಬರಬಹುದು. ‘ನಮ್ಮನ್ನೂ ಬೈದಳು, ಎಷ್ಟು ಧೈರ್ಯ’ ಎಂದು ಹಾರ ಹಾಕಿಯಾರು. ಆ ನಗು ಕೇಳಿ ಸಮಾಧಾನವಾದರೆ, ನೀನು ಹೇಳಿದ್ದರಲ್ಲಿ ಅವರಿಗೆ ತಾಗದ್ದು ಯಾವುದು ಎಂದು ಮತ್ತೆ ನೋಡಿಕೋ. ಎರಡೂ ಪಕ್ಷದವರನ್ನು ಬೈದರೆ ಸಮತೋಲನವಾಯಿತು ಎಂದೂ ತಿಳಿಯಬೇಡ. ಇಂದು ಯಾರ ಕೈಯಲ್ಲಿ ಅಧಿಕಾರವಿದೆಯೋ ಅವರಿಗೆ ಹೆಚ್ಚು ಪಾಲು ಸಲ್ಲಬೇಕು.

ಇದರ ಜೊತೆ ಒಂದು ವಕಾಲತ್ತು ನಮೂನೆ ಇಟ್ಟಿದ್ದೇನೆ. ಸಹಿ ಮಾಡಿ ವಾಪಸ್ ಕಳುಹಿಸು, ಬೇಕಾದ ದಿನ ಹುಡುಕುವುದು ಬೇಡ. ಬೆಂಗಳೂರಿನ ಹೈಕೋರ್ಟಿನಲ್ಲಿ ನನಗೆ ಗೊತ್ತಿರುವ ವಕೀಲೆಯೊಬ್ಬರ ಹತ್ತಿರವೂ ಮಾತಾಡಿದ್ದೇನೆ, ಈ ವಾರವೇ ಹೋಗಿ ನೋಡು. ಅಪ್ಪನಿಗೆ ನೀನೇ ಫೋನ್ ಮಾಡು, ನನ್ನ ಮೂಲಕ ಹೇಳಿಸಬೇಡ. ಪುತ್ತರಿ ಹಬ್ಬಕ್ಕೆ ಬರುವಾಗ ಹೊಸ ಪ್ರದರ್ಶನದ ಬರಹ ತಾ, ಪಹಣಿಯ ಭಾಗವನ್ನು ಕೂತು ಸರಿ ನೋಡೋಣ.

ನಿನ್ನ ಪ್ರೀತಿಯ
ದೊಡ್ಡಪ್ಪ