ಡಾ. ಪಾಲ್ ಫಾರ್ಮರ್ ಅವರ ನೆನಪಿನ ದಿನ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಇದೇ ಫೆಬ್ರುವರಿ 21ರಂದು ಬೆಳಗಿನ ಪ್ರಾರ್ಥನೆಯ ನಂತರ ನಮ್ಮ ಪ್ರೌಢಶಾಲೆಯ 8 ಮತ್ತು 9ನೇ ತರಗತಿಯ ಮಕ್ಕಳು ಡಾ. ಪಾಲ್ ಫಾರ್ಮರ್ ಎಂಬ ವೈದ್ಯರನ್ನು ನೆನೆಯಲಿದ್ದಾರೆ. ಪೂರ್ವಸಿದ್ಧತಾ ಪರೀಕ್ಷೆಗಳಿರುವ ಕಾರಣ 10ನೇ ತರಗತಿಯವರಿಗೆ ವಿನಾಯಿತಿ ಇದೆ. ಕಳೆದ ವಾರದ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರೊಬ್ಬರು, "ಅಮೆರಿಕದಲ್ಲಿ ಹುಟ್ಟಿ ಆಫ್ರಿಕಾದಲ್ಲಿ ತೀರಿಕೊಂಡ ಡಾಕ್ಟರು ನಮ್ಮೂರ ಮಕ್ಕಳಿಗೆ ಏನಾಗಬೇಕು ಮೇಡಂ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅಂದು ಸಮಯ ಸಾಲದೆ ಅರೆಬರೆ ಉತ್ತರ ಕೊಟ್ಟೆ. ಉಳಿದದ್ದನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇನೆ.

1959ರಲ್ಲಿ ಮಸಾಚುಸೆಟ್ಸ್ ರಾಜ್ಯದಲ್ಲಿ ಜನಿಸಿದ ಫಾರ್ಮರ್ ಅವರ ಬಾಲ್ಯದ ಕೆಲವು ವರ್ಷಗಳು ಫ್ಲಾರಿಡಾದಲ್ಲಿ, ಹಳೆಯ ಬಸ್ಸೊಂದನ್ನೇ ಮನೆ ಮಾಡಿಕೊಂಡಿದ್ದ ಕುಟುಂಬದಲ್ಲಿ ಕಳೆದವು. ಮುಂದೆ ಹಾರ್ವರ್ಡ್‌ನಲ್ಲಿ ವೈದ್ಯಕೀಯವನ್ನೂ ಮಾನವಶಾಸ್ತ್ರವನ್ನೂ ಒಟ್ಟಿಗೆ ಓದುತ್ತಿದ್ದಾಗಲೇ ಅವರು ಕೆರಿಬಿಯನ್ ದೇಶವಾದ ಹೈಟಿಯ ಕಾಂಜ್ ಎಂಬ ಹಳ್ಳಿಯಲ್ಲಿ ಚಿಕಿತ್ಸಾಲಯ ಕಟ್ಟುವ ಕೆಲಸದಲ್ಲಿ ತೊಡಗಿದ್ದರು. ಅಲ್ಲಿನ ಕ್ರಿಯೋಲ್ ಭಾಷೆಯನ್ನು ಚೆನ್ನಾಗಿ ಕಲಿತರು. 1987ರಲ್ಲಿ ಗೆಳೆಯರೊಡನೆ 'ಪಾರ್ಟ್‌ನರ್ಸ್ ಇನ್ ಹೆಲ್ತ್' (ಆರೋಗ್ಯದಲ್ಲಿ ಪಾಲುದಾರರು) ಎಂಬ ಸಂಸ್ಥೆಯನ್ನು ಆರಂಭಿಸಿದರು.

ಕಾಂಜ್‌ನಲ್ಲಿ ಅವರು ಕಂಡುಕೊಂಡ ಒಂದು ಸಂಗತಿಯನ್ನು ತಮಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕ್ಷಯರೋಗಿಗಳು ಮಾತ್ರೆಯನ್ನು ನಡುವೆಯೇ ಬಿಟ್ಟುಬಿಡುವುದೇಕೆ? ಕಾಯಿಲೆ ಮಾಟದಿಂದ ಬಂದದ್ದೆಂದು ನಂಬುವ ಜನ, ಅದಕ್ಕೇ ಬಿಡುತ್ತಾರೆ ಎಂದು ಹೇಳುವವರಿದ್ದರು. ಫಾರ್ಮರ್ ಮತ್ತು ಅವರ ಸಂಗಡಿಗರು ಎರಡು ಗುಂಪಿನ ರೋಗಿಗಳನ್ನು ಹೋಲಿಸಿ ನೋಡಿದರು. ಒಂದು ಗುಂಪಿಗೆ ಔಷಧ ಮಾತ್ರ ಉಚಿತ. ಇನ್ನೊಂದಕ್ಕೆ ಔಷಧದ ಜೊತೆ ಆಹಾರ, ತಿಂಗಳಿಗಿಷ್ಟು ಹಣ, ಮತ್ತು ಮನೆಗೇ ಬಂದು ವಿಚಾರಿಸುವ ಊರಿನದೇ ಆರೋಗ್ಯ ಕಾರ್ಯಕರ್ತರು. ಮೊದಲ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನ ಗುಣವಾದರೆ ಎರಡನೆಯದರಲ್ಲಿ ಎಲ್ಲರೂ ಗುಣವಾದರು. ಮಾಟವನ್ನು ನಂಬುವುದಕ್ಕೂ ಮಾತ್ರೆ ಬಿಡುವುದಕ್ಕೂ ಸಂಬಂಧವೇ ಕಾಣಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದವರು ನಮ್ಮ ಸೋದರತ್ತೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಕ್ಷಯ ಬಂದಿತ್ತು. ಅವರ ತಟ್ಟೆ, ಲೋಟವನ್ನು ಹಿತ್ತಿಲ ಬಾಗಿಲ ಬಳಿ ಬೇರೆ ಇಟ್ಟಿದ್ದೆವು. ಮಾತ್ರೆಗೆ ಯಾರೂ ಕಾಸು ಕೇಳುತ್ತಿರಲಿಲ್ಲ, ನಿಜ. ಆದರೆ ಅದನ್ನು ತರಲು ಹೋದ ದಿನ ಕೂಲಿ ಹೋಗುತ್ತಿತ್ತು, ಬಸ್ ಚಾರ್ಜು ಮೇಲಿನ ಖರ್ಚು. ಮೂರನೆಯ ತಿಂಗಳಿಗೆ ನಿಲ್ಲಿಸಿದರು. ಅತ್ತೆಗೆ ತಿಳಿವಳಿಕೆ ಸಾಲದು ಎಂದು ನಾವೆಲ್ಲ ಬಹಳ ವರ್ಷ ಆಡಿಕೊಂಡೆವು.

ಮಕ್ಕಳಿಗೆ ಹೆಚ್ಚಾಗಿ ಹೇಳಲಿರುವುದು ಆಫ್ರಿಕಾದ ರುವಾಂಡಾ ದೇಶದ ಕಥೆ. 1994ರ ನರಮೇಧದಲ್ಲಿ ಆ ದೇಶದ ಅನೇಕ ವೈದ್ಯರು, ದಾದಿಯರು ಹತರಾದರು. ಅನೇಕರು ದೇಶ ಬಿಟ್ಟರು. 2005ರಲ್ಲಿ ಅಲ್ಲಿನ ಸರ್ಕಾರದ ಕರೆಯ ಮೇರೆಗೆ ಹೋದ ಫಾರ್ಮರ್ ಅವರ ತಂಡ, ರ್ವಿಂಕ್ವಾವು ಎಂಬಲ್ಲಿ ಗಣಿ ಕಂಪನಿಯ ಕಾಲದ ಪಾಳು ಆಸ್ಪತ್ರೆಯನ್ನು ಸರ್ಕಾರದ ಜೊತೆಗೂಡಿ ಮತ್ತೆ ನಡೆಯುವಂತೆ ಮಾಡಿತು. ಸಂಸ್ಥೆಗೆ ಅಲ್ಲಿನ ಭಾಷೆಯಲ್ಲಿ 'ಇನ್ಶುತಿ ಮು ಬುಜಿಮಾ' ಎಂದು ಹೆಸರು. ಇಂಗ್ಲಿಷಿನ 'ಪಾಲುದಾರರು' ಅಲ್ಲಿಗೆ ಬಂದು 'ಗೆಳೆಯರು' ಆದರು. (ಫೆಬ್ರುವರಿ 21 ವಿಶ್ವ ಮಾತೃಭಾಷಾ ದಿನವೂ ಆಗಿರುವುದರಿಂದ ಈ ಹೆಸರನ್ನು ನಮ್ಮ ಕನ್ನಡ ಶಿಕ್ಷಕರು ವಿವರಿಸಲಿದ್ದಾರೆ.)

ಉತ್ತರದ ಬುರೇರಾ ಜಿಲ್ಲೆಯಲ್ಲಿ 3 ಲಕ್ಷಕ್ಕೂ ಹೆಚ್ಚು ಜನರಿದ್ದರೂ ಜಿಲ್ಲಾಸ್ಪತ್ರೆ ಇರಲಿಲ್ಲ. 2011ರಲ್ಲಿ ಅಲ್ಲಿನ ಬುಟಾರೋ ಗುಡ್ಡದ ಮೇಲೆ 150 ಹಾಸಿಗೆಗಳ ಸರ್ಕಾರಿ ಆಸ್ಪತ್ರೆ ತೆರೆಯಿತು. ಗೋಡೆಗೆ ಬಳಸಿದ್ದು ಆ ಸೀಮೆಯ ಜ್ವಾಲಾಮುಖಿ ಕಲ್ಲು. ಕಟ್ಟಿದ್ದು ಹೆಚ್ಚಾಗಿ ಸುತ್ತಲಿನ ಹಳ್ಳಿಗರ ಕೈ. ಕ್ಷಯದಂತಹ ಕಾಯಿಲೆ ಗಾಳಿಯಿಂದ ಹರಡಬಾರದೆಂದು ವಾರ್ಡುಗಳಲ್ಲಿ ಗಾಳಿ ಧಾರಾಳವಾಗಿ ಆಡುವಂತೆ ಮಾಡಿದ್ದಾರೆ; ರೋಗಿಗಳು ಒಬ್ಬರನ್ನೊಬ್ಬರು ನೋಡುತ್ತಾ ಮಲಗುವ ಬದಲು ಕಿಟಕಿಯಾಚೆಯ ಕಣಿವೆಯನ್ನು ನೋಡುತ್ತಾರೆ. ಬಡವರಿಗೆ ಇಷ್ಟು ಸಾಕು ಎನ್ನುವ ಲೆಕ್ಕಾಚಾರವನ್ನು ಫಾರ್ಮರ್ ಜೀವಮಾನವಿಡೀ ವಿರೋಧಿಸಿದರು ಎಂದು ಹೇಳುವುದಕ್ಕಿಂತ ಆ ಕಿಟಕಿಯನ್ನು ತೋರಿಸುವುದು ಮೇಲು. ಚಿತ್ರಗಳನ್ನು ಮಕ್ಕಳಿಗೆ ತೋರಿಸುತ್ತೇವೆ. 2012ರಲ್ಲಿ ಅಲ್ಲೇ ಕ್ಯಾನ್ಸರ್ ಕೇಂದ್ರ ಶುರುವಾಯಿತು, ಮುಂದೆ ಪಕ್ಕದಲ್ಲೇ ಆರೋಗ್ಯ ವಿಶ್ವವಿದ್ಯಾಲಯವೊಂದೂ ಬಂತು.

2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿ 11,000ಕ್ಕೂ ಹೆಚ್ಚು ಜನ ಸತ್ತಾಗ ಫಾರ್ಮರ್ ಸಿಯೆರಾ ಲಿಯೋನ್ ಮತ್ತು ಲೈಬೀರಿಯಾಗಳಲ್ಲಿ ಕೆಲಸ ಮಾಡಿದರು. ರೋಗಿ ಉಳಿಯಬೇಕಾದರೆ ಸಿಬ್ಬಂದಿ, ಸಾಮಗ್ರಿ, ಸ್ಥಳ, ವ್ಯವಸ್ಥೆ ಈ ನಾಲ್ಕೂ ಬೇಕು ಎಂಬುದು ಅವರು ಹೋದಲ್ಲೆಲ್ಲ ಹೇಳುತ್ತಿದ್ದ ಮಾತು. ಇಂಗ್ಲಿಷಿನಲ್ಲಿ ನಾಲ್ಕೂ 'ಎಸ್' ಅಕ್ಷರದಿಂದ ಶುರುವಾಗುತ್ತವೆ. ನಮ್ಮಲ್ಲಿ ಮೂರಕ್ಕೆ 'ಸ' ಕೂಡಿಬಂದು ವ್ಯವಸ್ಥೆಯೊಂದೇ ಕೈಕೊಡುತ್ತದೆ!

2022ರ ಫೆಬ್ರುವರಿ 21ರಂದು, ಪಾಠ ಹೇಳಲು ಮತ್ತು ರೋಗಿಗಳನ್ನು ನೋಡಲು ಬುಟಾರೋದಲ್ಲಿ ತಂಗಿದ್ದ ಅವರು ನಿದ್ದೆಯಲ್ಲಿಯೇ ಹೃದಯ ನಿಂತು ತೀರಿಕೊಂಡರು. ಆಗ ಅವರಿಗೆ 62 ವರ್ಷ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗೆ ಉತ್ತರ. ನಮ್ಮ ದೇಶದಲ್ಲಿ 2018ರಿಂದ ಕ್ಷಯರೋಗಿಗಳಿಗೆ ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಮನೆ ಬಾಗಿಲಿಗೆ ಬಂದು ಮಾತ್ರೆ ನುಂಗಿದಿರಾ ಎಂದು ಕೇಳುವ ಆಶಾ ಕಾರ್ಯಕರ್ತೆಯನ್ನು ನಮ್ಮ ಮಕ್ಕಳು ದಿನವೂ ನೋಡುತ್ತಾರೆ, ಆದರೆ ಅವರ ಕೆಲಸ ಎಷ್ಟು ದೊಡ್ಡದೆಂದು ನಾವು ಹೇಳಿಕೊಟ್ಟಿಲ್ಲ. ಅಂದು ನಮ್ಮೂರಿನ ಆಶಾ ಕಾರ್ಯಕರ್ತೆಯೇ ಮುಖ್ಯ ಅತಿಥಿ.

ತಮ್ಮಲ್ಲಿ ಒಂದು ಕೋರಿಕೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾಗಿದ್ದಾಗ ಆಸ್ಪತ್ರೆಗೆ ಜೊತೆಯಲ್ಲಿ ಹೋದವರು ಯಾರು, ಎಷ್ಟು ದೂರ, ಯಾವುದರಲ್ಲಿ, ಆ ದಿನದ ಕೂಲಿ ಏನಾಯಿತು ಎಂಬುದನ್ನು ಮಕ್ಕಳಿಗೆ ಹೇಳಿ. ಅವರು ಒಂದು ಪುಟ ಬರೆದು ಫೆಬ್ರುವರಿ 18ರೊಳಗೆ ತರಲಿ. ರೋಗಿಯ ಹೆಸರಾಗಲಿ ಕಾಯಿಲೆಯ ಹೆಸರಾಗಲಿ ಬರೆಯಬೇಕಿಲ್ಲ. ಹೇಳಲು ಮನಸ್ಸಿಲ್ಲದವರು ಹೇಳದಿದ್ದರೂ ಅಡ್ಡಿಯಿಲ್ಲ, ಇದಕ್ಕೆ ಅಂಕಗಳಿಲ್ಲ.

ಕಾರ್ಯಕ್ರಮ ಬೆಳಿಗ್ಗೆ 10 ಗಂಟೆಗೆ. ಪ್ರಶ್ನೆ ಕೇಳಿದ ಪೋಷಕರೂ ಬರಬೇಕೆಂದು ಆಶಿಸುತ್ತೇನೆ. ಕುರ್ಚಿಗಳು ಕಡಿಮೆ ಇರುವುದರಿಂದ ಜಮಖಾನ ಹಾಸಲಾಗುತ್ತದೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ