ಮಗಳಿಗೊಂದು ಪತ್ರ: ಮೇಷ್ಟ್ರು ಕೋಚಿಂಗ್ ಕಡೆ ಹೋದ ಕತೆ

ಪುಟ್ಟಿ,

"ಅಪ್ಪಾ, ಎಂಎಸ್ಸಿ ಮ್ಯಾಥ್ಸ್ ಮಾಡ್ಕೊಂಡು ಕೊನೆಗೆ ಫಾರಿನ್ನಲ್ಲಿ ಓದೋಕೆ ಬರೆಯೋ ಜಿಆರ್‌ಇ ಪರೀಕ್ಷೆಗೆ ಕೋಚಿಂಗಾ, ಬೇಜಾರಾಗಲ್ವಾ ನಿಂಗೆ" ಅಂತ ಕೇಳಿದ್ಯಲ್ಲ, ಕ್ಲಾಸಿಗೆ ಹೊತ್ತಾಗಿತ್ತು ಅಂತ ಏನೋ ಹಾರಿಕೆ ಉತ್ತರ ಕೊಟ್ಟು ಫೋನ್ ಇಟ್ಬಿಟ್ಟೆ. ಈಗ ಬರೀತಿದೀನಿ, ಉದ್ದ ಆದ್ರೂ ಓದು.

ನಾನೇನು ಲೆಕ್ಕ ಹಾಕಿ ಈ ಕಡೆ ಬಂದವನಲ್ಲ ಕಣೇ. ಓದು ಮುಗಿಸಿ ಸ್ವಲ್ಪ ಕಾಲ ಸಾಫ್ಟ್‌ವೇರ್ ಟೆಸ್ಟಿಂಗು, ಅದು ಒಗ್ಗದೆ ಹೈಸ್ಕೂಲಲ್ಲಿ ಮ್ಯಾಥ್ಸ್ ಮೇಷ್ಟ್ರು, ಅಲ್ಲಿ ಸಿಲಬಸ್ ಮುಗಿಸೋ ಗಡಿಬಿಡಿಲಿ ಒಬ್ಬ ಹುಡುಗ ಯಾವ ಸ್ಟೆಪ್ಪಲ್ಲಿ ಎಡವಿದ ಅಂತ ನಿಂತು ನೋಡೋಕೂ ಪುರುಸೊತ್ತಿರ್ತಿರ್ಲಿಲ್ಲ. ಆಮೇಲೆ ಹಳೇ ಸ್ಟೂಡೆಂಟ್ ಒಬ್ಳು, ಜಿಆರ್‌ಇಯ ಲೆಕ್ಕದ ಭಾಗಕ್ಕೆ, "ಸರ್, ಕ್ವಾಂಟ್ ಹೇಳ್ಕೊಡಿ" ಅಂತ ಬಂದ್ಲು, ಅವಳ ಹಿಂದೆ ಅವಳ ಫ್ರೆಂಡ್ಸು, ಹಂಗೇ ಶನಿವಾರ ಭಾನುವಾರದ ಕೆಲಸ ವಾರಪೂರ್ತಿ ಆಯ್ತು. ದುಡ್ಡಿನ ಹಿಂದೆ ಹೋದ ಅಂತ ಸ್ಟಾಫ್ ರೂಮಲ್ಲಿ ಆಡ್ಕೊಂಡ್ರು. ದುಡ್ಡೂ ಬೇಕಿತ್ತು, ಸುಳ್ಯಾಕೆ ಹೇಳ್ಲಿ.

ಆದ್ರೆ ಉಳ್ಕೊಂಡಿದ್ದು ಯಾಕೆ ಅಂದ್ರೆ, ಈ ಪ್ರಶ್ನೆ ನೋಡು. ಕ್ವಾಂಟಿಟಿ ಎ ಎಕ್ಸ್ ಸ್ಕ್ವೇರ್, ಕ್ವಾಂಟಿಟಿ ಬಿ ಬರೀ ಎಕ್ಸ್, ಎಕ್ಸ್ ಸೊನ್ನೆಗಿಂತ ದೊಡ್ಡದು ಅಂತ ಮಾತ್ರ ಕೊಟ್ಟಿದಾರೆ. ಯಾವುದು ಜಾಸ್ತಿ? ಎಂಜಿನಿಯರಿಂಗ್ ಮುಗಿಸಿದವ್ರೂ ತಟ್ಟಂತ ಎ ಅಂತಾರೆ. 2 ಹಾಕಿದ್ರೆ 4, ಸರಿನೇ. ಅರ್ಧ ಹಾಕು, ಕಾಲಾಗುತ್ತೆ, ಬಿ ದೊಡ್ಡದಾಯ್ತು. 1 ಹಾಕಿದ್ರೆ ಎರಡೂ ಸಮ. ಉತ್ತರ ಡಿ ಆಪ್ಷನ್, ಇಷ್ಟು ಮಾಹಿತಿಲಿ ಹೇಳೋಕಾಗಲ್ಲ ಅಂತ. ಅವ್ರಿಗೆ ಬೀಜಗಣಿತ ಬರಲ್ಲ ಅಂತಲ್ಲ, ನಂಬರ್ ಅಂದ ತಕ್ಷಣ ತಲೆಗೆ ಬರೋದೇ 2, 3, 4, ಭಿನ್ನರಾಶಿ ಹತ್ರಾನೂ ಸುಳಿಯಲ್ಲ. ಅದನ್ನ ಪತ್ತೆ ಹಚ್ಚೋದ್ರಲ್ಲಿ ನಂಗೆ ಸಿಗೋ ಖುಷಿ ಬೋರ್ಡ್ ತುಂಬಾ ಬರೆದಾಗ ಸಿಕ್ಕಿರ್ಲಿಲ್ಲ.

ಬರೀ ಟ್ರಿಕ್ಸ್ ಹೇಳ್ಕೊಡ್ತಾರೆ ಅಂತಾರಲ್ಲ, ಅರ್ಧ ನಿಜಾನೇ. 2023ರ ಸೆಪ್ಟೆಂಬರಲ್ಲಿ ಜಿಆರ್‌ಇ ಚಿಕ್ಕದು ಮಾಡಿದ್ಮೇಲೆ ಕ್ವಾಂಟಿಗೆ 27 ಪ್ರಶ್ನೆ, 47 ನಿಮಿಷ, ಒಂದೊಂದಕ್ಕೆ ಎರಡು ನಿಮಿಷಾನೂ ಸಿಗಲ್ಲ, ಆಪ್ಷನ್ ಹಾಕಿ ನೋಡೋದು ಕಲಿಸ್ಲೇಬೇಕು. ತಪ್ಪು ಉತ್ತರಕ್ಕೆ ಮಾರ್ಕ್ಸ್ ಕಟ್ ಮಾಡಲ್ಲ, ಹಂಗಾಗಿ ಖಾಲಿ ಬಿಡಬೇಡಿ ಅಂತ ಬಾಯಿ ನೋಯೋವರೆಗೂ ಹೇಳ್ತೀನಿ. ಸ್ಕ್ರೀನ್ ಮೇಲೆ ಕ್ಯಾಲ್ಕುಲೇಟರ್ ಬೇರೆ ಕೊಟ್ಟಿದಾರೆ, 80ರಲ್ಲಿ 15 ಪರ್ಸೆಂಟಿಗೂ ಅದನ್ನೇ ಒತ್ತುತಾ ಕೂರ್ತಾರೆ! ಎಂಬಿಎ ಸೇರೋಕೆ ಬರೆಯೋ ಜಿಮ್ಯಾಟ್ ಪರೀಕ್ಷೆಯ ಕ್ವಾಂಟಲ್ಲಿ ಅದಿಲ್ಲ, ಆ ವಿಷಯಕ್ಕೆ ನಂಗೆ ಜಿಮ್ಯಾಟೇ ಇಷ್ಟ. ಆದ್ರೆ ಹೊಸ ಜಿಮ್ಯಾಟಲ್ಲಿ ಜಾಮಿಟ್ರಿನೇ ತೆಗೆದ್ಹಾಕಿದಾರೆ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಬೇಜಾರು ಇಲ್ವೇ ಇಲ್ಲ ಅಂತಲ್ಲ. ಯಾಕೆ ಹಿಂಗಾಗುತ್ತೆ ಅಂತ ಕೇಳೋರು ಕಮ್ಮಿ, ಸ್ಕೋರ್ ಬಂತಾ, ಹೊರಟ್ರು. ಯಾರಾದ್ರೂ ಕ್ಲಾಸ್ ಆದ್ಮೇಲೆ ನಿಂತ್ರೆ ಪ್ರೂಫ್ ಒಂದು ಮಾಡಿ ತೋರಿಸ್ದೆ ಬಿಡಲ್ಲ ನಾನು.

ನಿಂಗೂ ಪಾಠ ಮಾಡೋ ಆಸೆ ಇದೆ ಅಂದ್ಯಲ್ಲ, ಮೊದ್ಲು ಟೈಮರ್ ಇಟ್ಕೊಂಡು ಒಂದು ಪೂರ್ತಿ ಮಾಕ್ ಟೆಸ್ಟ್ ನೀನೇ ಬರಿ. ಆಮೇಲೆ ಲೆಕ್ಕ ಬಿಡಿಸ್ತಿರೋರ ಪಕ್ಕ ಕೂತು, ಬಾಯಿ ಬಿಡದೆ, ಅವ್ರ ಪೆನ್ ಎಲ್ಲಿ ನಿಲ್ಲುತ್ತೆ ಅಂತ ನೋಡು. ಬಾಯಿ ಬಿಡದೆ ಇರೋದು ನಿಂಗೆ ಕಷ್ಟಾನೇ, ನಿಮ್ಮಮ್ಮನ ಮಗಳು!

ನಿನ್ನ
ಅಪ್ಪ