ಮೂಡಲ್ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮನೆಯ ಸಿನಾಲಜಿ ನ್ಯಾಸ್‌ನಲ್ಲಿ (ನೆಟ್‌ವರ್ಕ್‌ಗೆ ಜೋಡಿಸಿದ ಸಂಗ್ರಹ ಸಾಧನ) ಮೂಡಲ್, ಅಂದರೆ ಆನ್‌ಲೈನ್ ಪಾಠ ನಡೆಸುವ ತಂತ್ರಾಂಶ, ಹಾಕುವವರು ಮೊದಲು ರೂಟರ್‌ನಲ್ಲಿ ಆ ನ್ಯಾಸ್‌ಗೊಂದು ಕಾಯಂ ಐಪಿ (ನೆಟ್‌ವರ್ಕ್ ವಿಳಾಸ) ಕೊಡಿ. ಮೂಡಲ್ ತನ್ನ ವಿಳಾಸವನ್ನು ಕಾನ್ಫಿಗ್ ಫೈಲಿನಲ್ಲೇ ಬರೆದಿಟ್ಟುಕೊಳ್ಳುತ್ತದೆ. ಐಪಿ ಬದಲಾದರೆ ಮಕ್ಕಳಿಗೆ ಪುಟ ತೆರೆಯುವುದಿಲ್ಲ. ನನಗೆ ಒಂದು ಭಾನುವಾರ ಪೂರ್ತಿ ಇದರಲ್ಲೇ ಹೋಯಿತು.

ಮೂಡಲ್ ಓಡಲು ಪಿಎಚ್‌ಪಿ (ಅದು ಬರೆಯಲ್ಪಟ್ಟ ಪ್ರೋಗ್ರಾಮಿಂಗ್ ಭಾಷೆ), ಮಾರಿಯಾಡಿಬಿ (ಡೇಟಾಬೇಸ್) ಎರಡೂ ಬೇಕು. ನಿಮ್ಮ ಮೂಡಲ್ ಆವೃತ್ತಿಗೆ ಯಾವ ಪಿಎಚ್‌ಪಿ ಹೊಂದುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ಮೂಡಲ್ ತನ್ನ ಫೈಲುಗಳನ್ನು ಇಡುವ ಮೂಡಲ್‌ಡೇಟಾ ಫೋಲ್ಡರನ್ನು ಮಾತ್ರ ದಯವಿಟ್ಟು ವೆಬ್ ಫೋಲ್ಡರಿನ (ಬ್ರೌಸರ್‌ನಿಂದ ತೆರೆಯಬಹುದಾದ ಫೋಲ್ಡರ್) ಒಳಗೆ ಇಡಬೇಡಿ. ಮಕ್ಕಳು ಕಳಿಸಿದ ಫೈಲುಗಳೆಲ್ಲ ಅಲ್ಲಿರುತ್ತವೆ, ಹೊರಗಿನವರ ಕೈಗೆ ಸಿಗಲೇಬಾರದು. ಬ್ಯಾಕಪ್ ತೆಗೆಯುವಾಗ ಈ ಫೋಲ್ಡರ್, ಡೇಟಾಬೇಸ್ ಎರಡನ್ನೂ ಒಟ್ಟಿಗೆ ತೆಗೆಯಿರಿ. ಒಂದೇ ಇದ್ದರೆ ಉಪಯೋಗವಿಲ್ಲ.

ನ್ಯಾಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೂಡಲ್‌ನ ಕ್ರಾನ್ (ಹಿನ್ನೆಲೆಯ ಕೆಲಸಗಳನ್ನು ತಾನಾಗಿ ಮಾಡುವ ಸ್ಕ್ರಿಪ್ಟ್) 1 ನಿಮಿಷಕ್ಕೊಮ್ಮೆ ಓಡಲಿ, ಇಲ್ಲದಿದ್ದರೆ ಸೂಚನೆಯ ಇಮೇಲ್‌ಗಳು ಹೋಗುವುದಿಲ್ಲ. ಭಾಷಾ ಪ್ಯಾಕ್‌ಗಳಲ್ಲಿ ಕನ್ನಡವೂ ಇದೆ, ಖಂಡಿತ ಹಾಕಿಕೊಳ್ಳಿ. ಎಲ್ಲಾದರೂ ನಿಂತರೆ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ಪಾಸ್‌ವರ್ಡ್ ಕಾಣದಂತೆ ಮುಚ್ಚಿ.